ಗುರುಮಲ್ಲಪ್ಪನವರು ಪಾಸು ಮಾಡಿದ ಒಂದೇ ಕಾರು

ಮೈಸೂರಿನ ಮಂಡಿ ಮೊಹಲ್ಲಾದ ಸುತ್ತಮುತ್ತ ಹಳೇ ಕಾರು ಕೊಳ್ಳಲು ಹೊರಟವರು ಮೊದಲು ದೇವರಿಗೆ ಕೈಮುಗಿಯುತ್ತಿದ್ದರು, ಆಮೇಲೆ ಗುರುಮಲ್ಲಪ್ಪನವರನ್ನು ಕರೆದುಕೊಂಡು ಹೋಗುತ್ತಿದ್ದರು. ಅವಸರದಲ್ಲಿ ಮೊದಲನೆಯದನ್ನು ಮರೆತವರೂ ಎರಡನೆಯದನ್ನು ಮರೆಯುತ್ತಿರಲಿಲ್ಲ.

ತೊಂಬತ್ತರ ದಶಕದ ಮಾತು. ಅಲ್ಲಿಯವರೆಗೆ ಕಾರು ಎಂದರೆ ಡಾಕ್ಟರು, ವಕೀಲರು, ಸಗಟು ವ್ಯಾಪಾರಿಗಳ ಸೊತ್ತು. ಈಗ ಬ್ಯಾಂಕಿನ ಗುಮಾಸ್ತರು, ಹೈಸ್ಕೂಲು ಮೇಷ್ಟ್ರುಗಳು ಕೂಡ ‘ಸೆಕೆಂಡ್ ಹ್ಯಾಂಡ್ ಆದರೂ ಒಂದಿರಲಿ’ ಎಂದು ಆಸೆಪಡುವ ಕಾಲ ಬಂದಿತ್ತು. ಆಸೆಯೇನೋ ಇತ್ತು, ಗಾಡಿಯ ಒಳಹೊರಗು ಗೊತ್ತಿರಲಿಲ್ಲ. ಬಣ್ಣ ಹೊಳೆಯುತ್ತಿದ್ದರೆ, ಹಾರ್ನ್ ಜೋರಾಗಿದ್ದರೆ ಮರುಳಾಗಿಬಿಡುತ್ತಿದ್ದರು. ಅಂಥವರ ಕೈಹಿಡಿದು ತಡೆಯಲು ಒಬ್ಬರು ಬೇಕಾಗಿತ್ತು.

ಗುರುಮಲ್ಲಪ್ಪನವರದು ಬೆಲ್ಲದ ಮಂಡಿಯ ಮನೆತನ. ಅಣ್ಣ ಅಪ್ಪನ ಪಕ್ಕ ಗಲ್ಲಾಪೆಟ್ಟಿಗೆಯ ಮುಂದೆ ಕೂತು ವ್ಯಾಪಾರ ಕಲಿಯುತ್ತಿದ್ದರೆ, ತಮ್ಮನಾದ ಇವರು ಬೆಲ್ಲ ಇಳಿಸಲು ಬಂದ ಲಾರಿಯ ಅಡಿಯಲ್ಲಿ ಮಲಗಿರುತ್ತಿದ್ದರು. ಬೆಳಿಗ್ಗೆ ಹಣೆಗೆ ಬಳಿದುಕೊಂಡ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಗ್ರೀಸಿನಲ್ಲಿ ಕಲೆತುಹೋಗುತ್ತಿತ್ತು. ಬೈದೂ ಪ್ರಯೋಜನವಿಲ್ಲವೆಂದು ಗೊತ್ತಾದ ಮೇಲೆ ಅಪ್ಪ ಮಂಡಿಯ ಹಿಂದಿದ್ದ ಖಾಲಿ ಶೆಡ್ಡನ್ನು ಅವರಿಗೆ ಬಿಟ್ಟುಕೊಟ್ಟರು. ಬೆಲ್ಲದ ವಾಸನೆ ಕೊನೆಯವರೆಗೂ ಆ ಶೆಡ್ಡಿನ ಗೋಡೆಯನ್ನು ಬಿಡಲಿಲ್ಲ. ಅಲ್ಲಿ ರಿಪೇರಿಗೆ ಬಿಟ್ಟ ಕಾರುಗಳಿಗೆಲ್ಲ ಇರುವೆ ಹತ್ತುತ್ತಿದ್ದವು.

ಕಾರು ನೋಡುವ ಅವರ ಕೆಲಸ ಬೆಳಗಿನ ಹೊತ್ತೇ ಆಗಬೇಕಿತ್ತು, ಎಂಜಿನ್ ತಣ್ಣಗಿರಬೇಕಿತ್ತು. ಹೋದ ಕೂಡಲೇ ಮಾರುವವರಿಗೆ ನಮಸ್ಕಾರ ಹೇಳುವ ಮೊದಲೇ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದರು. ಬೆಚ್ಚಗಿದ್ದರೆ, “ಆಗಲೇ ಎಬ್ಬಿಸಿ ಕೂರಿಸಿದ್ದೀರಲ್ಲ ಸ್ವಾಮಿ, ನಾಳೆ ಬರ್ತೀವಿ” ಎಂದು ಹಿಂತಿರುಗಿಬಿಡುತ್ತಿದ್ದರು. ತಣ್ಣಗಿದ್ದರೆ ಕಾಲಡಿಯ ಮ್ಯಾಟ್ ಎತ್ತಿ ಮೂಸುವರು. ನೀರು ಹೊಕ್ಕ ಗಾಡಿಗೆ ಬೂಷ್ಟಿನ ವಾಸನೆ ಇದ್ದೇ ಇರುತ್ತದೆ. ಬ್ರೇಕ್ ಪೆಡಲಿನ ರಬ್ಬರು ಸವೆದು ಹೋಗಿದ್ದು, ಮೀಟರು ಮಾತ್ರ ಕಡಿಮೆ ಕಿಲೋಮೀಟರು ತೋರಿಸುತ್ತಿದ್ದರೆ ಸುಮ್ಮನೆ ನಗುವರು. ಹಳೇ ಸ್ಪೀಕರಿನಿಂದ ಕಿತ್ತ ಒಂದು ಅಯಸ್ಕಾಂತ ಅವರ ಜೇಬಿನಲ್ಲಿರುತ್ತಿತ್ತು. ತಗಡು ಇದ್ದಲ್ಲಿ ಅದು ಕಚ್ಚಿಕೊಳ್ಳುತ್ತಿತ್ತು. ಗುಂಡಿಬಿದ್ದ ಜಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಜಾರಿ ಬೀಳುತ್ತಿತ್ತು. ಇಷ್ಟಾದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿಸಿ, ಕಣ್ಣು ಮುಚ್ಚಿ, ತಲೆಯನ್ನು ಒಂದು ಕಡೆ ವಾಲಿಸಿ ನಿಲ್ಲುವರು. ಆಗ ಪಕ್ಕದಲ್ಲಿ ಯಾರೂ ಕೆಮ್ಮುವ ಹಾಗೂ ಇರಲಿಲ್ಲ. ಕಡೆಯದಾಗಿ ಕೊಳ್ಳುವವರ ಮನೆಮಂದಿಯನ್ನೆಲ್ಲ ತುಂಬಿಕೊಂಡು ಬೆಟ್ಟದ ರಸ್ತೆಯಲ್ಲಿ ಅರ್ಧದವರೆಗೆ ಹತ್ತಿಸಿ ಇಳಿಸುವರು. ಹತ್ತುವಾಗ ಎಂಜಿನ್ನಿನ ಬಂಡವಾಳ, ಇಳಿಯುವಾಗ ಬ್ರೇಕಿನ ಬಂಡವಾಳ ಬಯಲಾಗುತ್ತಿತ್ತು. ಕೊರತೆ ಇಂತಿಷ್ಟೆಂದು ಹೇಳಿ ಕೊಳ್ಳಲು ಬಿಡುವರೇ ಹೊರತು, ‘ಗಾಡಿ ಪಾಸು’ ಎಂದು ಅವರು ಬಾಯಿಬಿಟ್ಟು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ.

ಹಳೇ ಗಾಡಿಗಳ ಬ್ರೋಕರ್ ಜವರಪ್ಪನಿಗೆ ಇವರನ್ನು ಕಂಡರೆ ಪ್ರೀತಿಯೂ ಹೌದು, ಹೆದರಿಕೆಯೂ ಹೌದು.

“ಮಲ್ಲಣ್ಣೋರೇ, ನೀವು ಒಸಿ ಕಣ್ಮುಚ್ಕೊಂಡ್ಬುಟ್ರೆ ನಾನೂ ನನ್ ಎಂಡ್ರು ಮಕ್ಳೂ ಬದುಕ್ಕೋತೀವಿ ಕಣ್ರೀ” ಎಂದು ಅವನು ಗೋಗರೆಯುತ್ತಿದ್ದ.

“ಕಣ್ಮುಚ್ಕೊಂಡೇ ಅಲ್ವೇನಯ್ಯ ನಾನು ನೋಡೋದು?” ಎನ್ನುವರು ಗುರುಮಲ್ಲಪ್ಪ.

ಇಷ್ಟೆಲ್ಲ ಬಲ್ಲವರು ಓಡಾಡುತ್ತಿದ್ದುದು ಮಾತ್ರ ಸೈಕಲ್ಲಿನಲ್ಲಿ. ಅವರ ಹೆಂಡತಿ ಮಹದೇವಮ್ಮನವರಿಗೆ ಇದ್ದ ಒಂದೇ ಒಂದು ದೂರು ಅದು. ಮದುವೆಯಾಗಿ ಕೆಲವು ವರ್ಷಕ್ಕೆ, ಮಗಳು ನಿಶ್ಚಿತಾ ಶಾಲೆಗೆ ಸೇರಿದ ಹೊಸದರಲ್ಲಿ, “ನಮಗೂ ಒಂದು ನೋಡಿ ಅಂದ್ರೆ” ಎಂದು ಬಾಯಿಬಿಟ್ಟಿದ್ದರು. “ಆಗ್ಲಿ, ಒಳ್ಳೇದು ಬರ್ಲಿ” ಎಂದಿದ್ದರು ಇವರು. ಒಳ್ಳೆಯದು ಬರಲೇ ಇಲ್ಲ. ಬೇರೆಯವರಿಗೆ ‘ಇಷ್ಟು ಕೊರತೆ ಇದ್ದದ್ದೇ, ತಗೊಳ್ಳಿ’ ಎಂದು ಧೈರ್ಯ ಹೇಳುವ ಮನುಷ್ಯನಿಗೆ ತನ್ನ ಮನೆಯ ಮುಂದೆ ನಿಲ್ಲಬೇಕಾದ ಗಾಡಿಯಲ್ಲಿ ಒಂದು ಸಣ್ಣ ಕಿರ್‌ ಸದ್ದೂ ಸಹಿಸಲಾಗುತ್ತಿರಲಿಲ್ಲ. ಒಂದಕ್ಕೆ ಗೇರು ಗಡುಸು, ಇನ್ನೊಂದಕ್ಕೆ ಬಾಗಿಲು ಹಾಕಿದರೆ ಡಬ್ಬದ ಸದ್ದು, ಮತ್ತೊಂದರ ಹೊಗೆಯಲ್ಲಿ ಯಾರಿಗೂ ಕಾಣದ ನೀಲಿ.

ಒಂದು ಸಲ ಮಾತ್ರ ಹತ್ತಿರ ಹತ್ತಿರ ಆಗಿಹೋಗಿತ್ತು. ಒಬ್ಬ ವಯಸ್ಸಾದ ಡಾಕ್ಟರು ಹೂವಿನ ಹಾಗೆ ಇಟ್ಟುಕೊಂಡಿದ್ದ ಬಿಳೀ ಮಾರುತಿಯನ್ನು ಜವರಪ್ಪನೇ ತಂದು ಮನೆ ಮುಂದೆ ನಿಲ್ಲಿಸಿದ. ಗುರುಮಲ್ಲಪ್ಪ ನೋಡಿದರು, ಮೂಸಿದರು, ಕೇಳಿದರು, ತಲೆದೂಗಿದರು. ಮಹದೇವಮ್ಮ ಒಳಗೆ ಓಡಿ ಆರತಿ ತಟ್ಟೆ ಸಿದ್ಧಮಾಡಿದರು, ಚಕ್ರದ ಕೆಳಗಿಡಲು ನಿಂಬೆಹಣ್ಣು ತರಿಸಿದರು. ಅಷ್ಟರಲ್ಲಿ ಇವರು, “ಇನ್ನೊಂದೇ ಒಂದು ರೌಂಡು” ಎಂದು ಹೊರಟರು. ಬಂದಾಗ ಮುಖ ಬಾಡಿತ್ತು.

“ಸ್ಟೇರಿಂಗು ಎಡಕ್ಕೆ ಒಂಚೂರು ಎಳೀತದೆ.”

“ಎಷ್ಟು ಎಳೀತದೆ?” ಎಂದರು ಮಹದೇವಮ್ಮ.

“ಒಂದು ಕೂದಲೆಳೆಯಷ್ಟು.”

ಮಹದೇವಮ್ಮ ಆರತಿ ತಟ್ಟೆಯನ್ನು ಒಳಗೆ ಒಯ್ದಿಟ್ಟರು. ಮಾರನೆಯ ಬೆಳಿಗ್ಗೆ ಎಲ್ಲರ ತಟ್ಟೆಗೂ ಚಿತ್ರಾನ್ನ ಬಿತ್ತು. ಜವರಪ್ಪನಿಗೂ ಒಂದು ಡಬ್ಬಿ ಹೋಯಿತು. “ಕಾರಿನ್ ನಿಂಬೆಅಣ್ಣು ಕಣವ್ವ, ಉಳಿ ವೈನಾಗೈತೆ” ಎಂದು ಅವನು ಹೇಳಿಕಳಿಸಿದ.

ಹೊಸ ಶತಮಾನ ಬಂತು. ಮಗಳು ಕಾಲೇಜು ಮೆಟ್ಟಿಲು ಹತ್ತಿದಳು. ಮನೆಯಲ್ಲಿ ಸುಮ್ಮನೆ ಕೂರಲಾಗದೆ ಮಹದೇವಮ್ಮ ಸಾರಿನ ಪುಡಿ, ಚಟ್ನಿಪುಡಿ, ಸಂಡಿಗೆ ಮಾಡಿ ಮಾರತೊಡಗಿದರು. ಮೊದಲು ಬೀದಿಯವರು, ಆಮೇಲೆ ಬೀದಿಯವರ ನೆಂಟರು. ಊರಾಚೆ ಹೂಟಗಳ್ಳಿಯ ಕಡೆ ಹೊಸ ಹೊಸ ಮನೆಗಳು ಏಳುತ್ತಿದ್ದವು. ಗಂಡ ಹೆಂಡತಿ ಇಬ್ಬರೂ ಫ್ಯಾಕ್ಟರಿಗೆ ಹೋಗುವ ಆ ಮನೆಗಳಲ್ಲಿ ಪುಡಿ ಕುಟ್ಟಲು ಯಾರಿಗೂ ಪುರಸೊತ್ತಿರಲಿಲ್ಲ. ಮಹದೇವಮ್ಮನವರ ಪುಡಿಯ ಘಮ ಅಲ್ಲಿ ಮನೆಯಿಂದ ಮನೆಗೆ ಹಬ್ಬಿತು. ಎರಡು ಕೈಯಲ್ಲಿ ಎರಡು ಚೀಲ ಹಿಡಿದು, ಸಿಟಿ ಬಸ್ಸಿನಲ್ಲಿ ನೂಕುನುಗ್ಗಲು ಸಹಿಸಿ, ಇಳಿದ ಮೇಲೆ ಬಿಸಿಲಲ್ಲಿ ಬೀದಿ ಬೀದಿ ನಡೆದು, ಸಾಯಂಕಾಲ ಭುಜ ಹಿಡಿದುಕೊಂಡು ಬರುತ್ತಿದ್ದರು. ಗುರುಮಲ್ಲಪ್ಪ ಎಣ್ಣೆ ಬೆಚ್ಚಗೆ ಮಾಡಿ ಕೊಡುವರು. “ಈ ಸಲ ಒಂದು ಗಾಡಿ ಮಾಡೇಬಿಡೋಣ ಕಣೇ” ಎನ್ನುವರು. ಮತ್ತೆ ನೋಡಲು ಹೊರಡುವರು. ಮತ್ತೆ ಬರಿಗೈಲಿ ಬರುವರು.

ಎರಡು ಸಾವಿರದ ಏಳರ ದಸರಾ ವಸ್ತುಪ್ರದರ್ಶನಕ್ಕೆ ಅಮ್ಮ ಮಗಳು ಇಬ್ಬರೇ ಹೋಗಿದ್ದರು. ಹೋಗುವಾಗ ಬಸ್ಸು, ಬರುವಾಗ ಮುಂದಿನ ವಾರ ಒಂದು ಗಾಡಿ ಮನೆಗೆ ಬರುವುದು ಖಾತ್ರಿಯಾಗಿತ್ತು. ಕರೆಂಟಿನಲ್ಲಿ ಓಡುವ ಸ್ಕೂಟರು. ಪೆಟ್ರೋಲು ಬೇಡ, ಲೈಸೆನ್ಸು ಬೇಡ; ಮನೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕು. ಮೈಮೇಲೆ ಅಂಟಿಸಿದ್ದ ಹೆಸರು ಇಂಗ್ಲಿಷಿನದು, ಬಂದ ಪೆಟ್ಟಿಗೆಯ ಮೇಲೆಲ್ಲ ಚೀನೀ ಅಕ್ಷರ. ಮಾರುತ್ತಿದ್ದವನು ವಿಶ್ವನಾಥ್ ಎಂಬ ಹುಡುಗ. ಬನ್ನಿಮಂಟಪದಲ್ಲಿ ತಂದೆಯ ಮನೆಯ ಮುಂಭಾಗದಲ್ಲೇ ಶೋರೂಮು ತೆರೆದಿದ್ದ. ಮಹದೇವಮ್ಮ ಕೇಳಿದ ಪ್ರಶ್ನೆಗಳು ಎರಡೇ: ಚೀಲ ಇಡಲು ಕಾಲ ಬಳಿ ಜಾಗ ಇದೆಯೇ? ಸೀರೆ ಉಟ್ಟು ಕೂರಬಹುದೇ? ಎರಡಕ್ಕೂ ಹೌದೆಂದಾಗ ತಮ್ಮ ಪುಡಿಯ ದುಡ್ಡಿನಲ್ಲೇ ಕೊಂಡರು. ಗಂಡನನ್ನು ಕರೆಯಲಿಲ್ಲ. ಕರೆದರೆ ಏನಾಗುತ್ತದೆಂದು ಗೊತ್ತಿತ್ತು.

ಗಾಡಿ ಬಂದ ದಿನ ಗುರುಮಲ್ಲಪ್ಪ ಶೆಡ್ಡಿನಿಂದ ಬಂದು ಬಾಗಿಲಲ್ಲೇ ನಿಂತುಬಿಟ್ಟರು. ತಿಳಿ ಹಸಿರು ಬಣ್ಣದ, ಆಟದ ಸಾಮಾನಿನಂಥ ಸ್ಕೂಟರು ಹಜಾರದಲ್ಲಿ ನಿಂತಿತ್ತು. ಒಂದು ಸುತ್ತು ಬಂದರು. ಅಭ್ಯಾಸಬಲದಿಂದ ಅಂಗೈ ಇಡಲು ಹೋದರು. ಬೆಚ್ಚಗಾಗುವ ಎಂಜಿನ್ನೇ ಅದಕ್ಕಿರಲಿಲ್ಲ. ಜೇಬಿನಿಂದ ಅಯಸ್ಕಾಂತ ತೆಗೆದರು. ಕಚ್ಚಿಕೊಳ್ಳಲು ತಗಡು ಇರಲಿಲ್ಲ, ಮೈಯೆಲ್ಲ ಪ್ಲಾಸ್ಟಿಕ್ಕು. ಮಗಳು ಕೀಲಿ ತಿರುಗಿಸಿ ಹಿಂದಿನ ಚಕ್ರ ಎತ್ತಿ ಓಡಿಸಿ ತೋರಿಸಿದಳು. ಇವರು ಕಣ್ಣು ಮುಚ್ಚಿ ತಲೆ ವಾಲಿಸಿದರು. ಸೊಳ್ಳೆ ಹಾರಿದಷ್ಟೂ ಸದ್ದು ಬರಲಿಲ್ಲ. ಕಿವಿಗೆ ಕೆಲಸವೇ ಇಲ್ಲದ ಗಾಡಿಯನ್ನು ಅವರು ಹುಟ್ಟಿದ ಮೇಲೆ ಕಂಡಿರಲಿಲ್ಲ. ಪಾನಾ ತಂದು ಒಂದು ಬೋಲ್ಟಿಗೆ ಹಾಕಿ ತಿರುಗಿಸಿದರು. ತಲೆ ಕಿತ್ತು ಕೈಗೆ ಬಂತು.

“ನೋಡ್ದಾ? ಅಚ್ಚು ಬೆಲ್ಲಾನೂ ಇದಕ್ಕಿಂತ ಗಟ್ಟಿ ಇರ್ತದೆ” ಎಂದರು. “ಚೈನಾ ಮಾಲು ಕಣೇ ಇದು. ಆರು ತಿಂಗಳು. ಅದರ ಮೇಲೆ ಒಂದು ದಿನ ಓಡಿದ್ರೆ ನನ್ನ ಕೇಳು.”

ಮಹದೇವಮ್ಮ ಸ್ಕೂಟರಿನ ಕನ್ನಡಿ ಒರೆಸುತ್ತಿದ್ದರು. ತಿರುಗಿ ನೋಡದೆ ಹೇಳಿದರು: “ಹದಿನೈದು ವರ್ಷ ಕಾದಿದ್ದೀನಿ ಕಣ್ರೀ. ಆರು ತಿಂಗಳಾದ್ರೂ ಓಡಾಡ್ಕೋತೀನಿ ಬುಡಿ.”

ಗುರುಮಲ್ಲಪ್ಪ ಆ ಬೋಲ್ಟಿನ ಜಾಗಕ್ಕೆ ತಮ್ಮ ಶೆಡ್ಡಿನಿಂದ ಒಂದು ಒಳ್ಳೆಯ ಬೋಲ್ಟು ತಂದು ಹಾಕಿದರು.

ಬನ್ನಿಮಂಟಪದ ಖಾಲಿ ರಸ್ತೆಗಳಲ್ಲಿ ನಿಶ್ಚಿತಾ ಅಮ್ಮನಿಗೆ ಓಡಿಸಲು ಕಲಿಸಿದಳು. ನಲವತ್ತೈದರ ಹೆಂಗಸು, ಮೊದಲ ದಿನ ಒಂದು ಎಮ್ಮೆಯನ್ನು ತಪ್ಪಿಸಲು ಹೋಗಿ ಇನ್ನೊಂದರ ಮುಂದೆ ನಿಂತರು. ಒಂದು ವಾರದಲ್ಲಿ ಕೈ ಕುದುರಿತು. ಆಮೇಲೆ ದಿನಾ ಬೆಳಿಗ್ಗೆ ತಿಂಡಿ ಮುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲ ಬಳಿ ಚೀಲ ಇಟ್ಟು ಹೂಟಗಳ್ಳಿಗೆ ಹೊರಟುಬಿಡುವರು. ಗುರುಮಲ್ಲಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು ಆ ಹಸಿರು ಚುಕ್ಕೆ ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತಿದ್ದರು. ಅವರ ಎದೆಯಲ್ಲಿ ಹೆದರಿಕೆ ಇತ್ತು. ಹೆಮ್ಮೆಯೂ ಇತ್ತೇ ಎಂದು ಕೇಳಿದ್ದರೆ ಒಪ್ಪುತ್ತಿರಲಿಲ್ಲ.

ಅವರು ಹೇಳಿದ ಒಂದೊಂದು ಕಾಯಿಲೆಯೂ ಬಂತು. ಮುಂದಿನ ಮಡ್‌ಗಾರ್ಡ್ ಬಿರುಕುಬಿಟ್ಟಿತು. ಹಾರ್ನು ಕೋಳಿಮರಿಯ ಹಾಗೆ ಕೀಚಲಾಯಿತು. ಬ್ಯಾಟರಿಯ ಮುಳ್ಳು ತುಂಬಿದೆ ಎಂದು ತೋರಿಸುತ್ತಲೇ ಒಮ್ಮೆಗೇ ತಳಕ್ಕೆ ಬೀಳುತ್ತಿತ್ತು. ಆರು ತಿಂಗಳು ಕಳೆದು ಮಳೆಗಾಲವೂ ಹಿಡಿದಿದ್ದಾಗ ಒಂದು ಮಧ್ಯಾಹ್ನ ಶೆಡ್ಡಿಗೆ ಫೋನು ಬಂತು. ಹೂಟಗಳ್ಳಿಯ ಒಂದು ಬಡಾವಣೆಯಲ್ಲಿ ಗಾಡಿ ನಿಂತುಬಿಟ್ಟಿದೆ, ಜೀವವೇ ಇಲ್ಲ.

ಗುರುಮಲ್ಲಪ್ಪ ಕೊಡೆ ಮರೆತು ಸೈಕಲ್ ಏರಿದರು. ದಾರಿಯುದ್ದಕ್ಕೂ ‘ನಾನು ಹೇಳಲಿಲ್ಲವೇ’ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೋಗಿ ನೋಡಿದರೆ ಮಹದೇವಮ್ಮ ಒಂದು ಮನೆಯ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಸುತ್ತ ಆರೇಳು ಹೆಂಗಸರು. ಒಬ್ಬಾಕೆ ಸ್ಕೂಟರಿಗೆ ಪ್ಲಾಸ್ಟಿಕ್ ಹೊದಿಸುತ್ತಿದ್ದಳು, ಇನ್ನೊಬ್ಬಾಕೆ ಇವರಿಗೆ ತಲೆ ಒರೆಸಿಕೊಳ್ಳಲು ಟವೆಲ್ ತಂದಳು.

“ಇವರೇನಾ ಅಕ್ಕಾ ನಿಮ್ಮನೆಯವ್ರು, ಕಾರು ಪಾಸು ಮಾಡೋರು?” ಎಂದಳು ಟವೆಲ್ ತಂದವಳು. “ಅಕ್ಕ ಬಸ್ಸಲ್ಲಿ ಬರೋವಾಗ ತಿಂಗಳಿಗೊಂದು ಸಲ ಸಿಕ್ಕಿದ್ರೆ ಪುಣ್ಯ. ಈಗ ನಮ್ ಬೀದಿಗೇ ವಾರಕ್ಕೆರಡು ಸಲ ಬರ್ತಾರೆ ನೋಡಿ. ನಮ್ ಅತ್ತೆ ಮಾತ್ರೆ ಕೂಡ ಅಕ್ಕನೇ ಪೇಟೆಯಿಂದ ತಂದ್ಕೊಡೋದು.”

ಹೆಂಡತಿ ಎಲ್ಲಿಗೆ ಹೋಗುತ್ತಾಳೆ ಎಂದು ಗೊತ್ತಿತ್ತು. ಅಲ್ಲಿ ಆಕೆ ಏನಾಗಿದ್ದಾಳೆ ಎಂಬುದನ್ನು ಗುರುಮಲ್ಲಪ್ಪ ಅಂದೇ ಕಂಡದ್ದು. ನಾಲಿಗೆಯ ತುದಿಯ ಮಾತನ್ನು ಕಾಫಿಯ ಜೊತೆ ನುಂಗಿದರು. ಮಳೆ ನಿಂತ ಮೇಲೆ ಅವರು ಸ್ಕೂಟರ್ ತಳ್ಳಿದರು, ಮಹದೇವಮ್ಮ ಸೈಕಲ್ ತಳ್ಳಿದರು. ಇಬ್ಬರೂ ಮಂಡಿ ಮೊಹಲ್ಲಾದವರೆಗೆ ಮಾತಾಡುತ್ತ ನಡೆದೇ ಬಂದರು.

“ಬಯ್ಯಲ್ವಾ?” ಎಂದು ದಾರಿಯಲ್ಲಿ ಮಹದೇವಮ್ಮ ಕೇಳಿದರು.

“ಮೊದಲು ಬಿಚ್ಚಿ ನೋಡ್ತೀನಿ” ಎಂದರು ಇವರು.

ಮರುದಿನ ಹಜಾರದಲ್ಲಿ ಹಳೇ ಪಂಚೆ ಹಾಸಿ ಸ್ಕೂಟರನ್ನು ಪೂರ್ತಿ ಬಿಚ್ಚಿದರು. ಮೊದಲು ಮೂಗು ಮುರಿಯುತ್ತ, ಆಮೇಲೆ ಹುಬ್ಬೇರಿಸುತ್ತ. ವೈರುಗಳ ಜೋಡಣೆ ಕಾಟಾಚಾರದ್ದು. ಒಂದು ಬೆಸುಗೆ ಬಿಟ್ಟು ನೀರು ಹೊಕ್ಕಿತ್ತು, ಗಾಡಿ ನಿಂತದ್ದು ಅಷ್ಟಕ್ಕೇ. ಬೋಲ್ಟುಗಳು ಬರೀ ಹೆಸರಿಗೆ. ಆದರೆ ಹಿಂದಿನ ಚಕ್ರದೊಳಗೆ ಅಡಗಿದ್ದ ಮೋಟಾರನ್ನು ಬಿಚ್ಚಿದಾಗ ಅದನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. ತಾಮ್ರದ ತಂತಿಯನ್ನು ಹೂಮಾಲೆ ಕಟ್ಟಿದಷ್ಟು ಅಚ್ಚುಕಟ್ಟಾಗಿ ಸುತ್ತಿದ್ದರು. ಎಲ್ಲೂ ಸಡಿಲವಿಲ್ಲ, ಎಲ್ಲೂ ಅವಸರವಿಲ್ಲ.

“ಇಲ್ ಬಾ” ಎಂದು ಹೆಂಡತಿಯನ್ನು ಕರೆದು ತೋರಿಸಿದರು. “ಇದನ್ನ ಸುತ್ತಿದೋನು ಯಾವನೋ ಕೆಲಸ ಬಲ್ಲೋನು ಕಣೇ. ಆ ಬೋಲ್ಟು ಹಾಕಿದೋನೇ ಬೇರೆ, ಇವನೇ ಬೇರೆ. ಚೈನಾ ಅಂತ ಒಂದೇ ಮಾತಲ್ಲಿ ಅಂದ್ಬುಟ್ಟೆ ನಾನು.”

ಬೋಲ್ಟುಗಳನ್ನೆಲ್ಲ ಬದಲಾಯಿಸಿದರು. ವೈರಿನ ಜೋಡಣೆಗಳನ್ನು ಹೊಸದಾಗಿ ಬೆಸೆದು, ಸೈಕಲ್ ಟ್ಯೂಬಿನ ತುಂಡು ತೊಡಿಸಿ ನೀರು ಹೊಗದಂತೆ ಬಿಗಿದರು. ಬಿರುಕುಬಿಟ್ಟ ಮಡ್‌ಗಾರ್ಡಿಗೆ ತಗಡಿನ ಪಟ್ಟಿ ಬಡಿದರು. ಗಾಡಿ ಮತ್ತೆ ಹೂಟಗಳ್ಳಿಗೆ ಹೋಗತೊಡಗಿತು. ಸುದ್ದಿ ಹಬ್ಬಿ, ಊರಲ್ಲಿ ಅಂಥ ಸ್ಕೂಟರು ಕೊಂಡು ಕೈಸುಟ್ಟುಕೊಂಡವರೆಲ್ಲ ಶೆಡ್ಡಿಗೆ ಬರಲಾರಂಭಿಸಿದರು. ಗುರುಮಲ್ಲಪ್ಪ ಒಬ್ಬೊಬ್ಬರ ಗಾಡಿ ಬಿಚ್ಚಿದಾಗಲೂ ಹೊಸದೊಂದನ್ನು ಕಲಿತರು. ಹೊರಗೆ ಒಂದೇ ಥರ ಕಾಣುವ ಎರಡು ಸ್ಕೂಟರುಗಳಲ್ಲಿ ಒಂದರೊಳಗೆ ಚಿನ್ನದಂಥ ಕೆಲಸ, ಇನ್ನೊಂದರೊಳಗೆ ಕಸ. ನೋಡದೆ ಹೇಳುವ ಹಾಗಿರಲಿಲ್ಲ.

ಹೀಗೆ ಶೆಡ್ಡಿಗೆ ಬಂದು ಹೋಗುತ್ತಿದ್ದವರಲ್ಲಿ ವಿಶ್ವನಾಥನೂ ಒಬ್ಬ. ಮಾರಿದ ಗಾಡಿಗಳು ಕೆಟ್ಟು, ಕೊಂಡವರ ಬೈಗುಳ ತಿಂದು ಹುಡುಗ ಸೊರಗಿದ್ದ. ಮೋಸಗಾರನಲ್ಲ, ಪೆಟ್ಟಿಗೆ ಬಂದ ಹಾಗೆ ಬಿಚ್ಚಿ ಮಾರಿದ್ದ, ಅಷ್ಟೆ. ಒಂಬತ್ತನೇ ಇಸವಿಯ ಬೇಸಿಗೆಯಲ್ಲಿ ಒಂದು ದಿನ ಅವನು ಕಣ್ಣರಳಿಸಿಕೊಂಡು ಬಂದ.

“ಅಂಕಲ್, ಸ್ಕೂಟರ್ ಸಾಕು. ಇನ್ಮೇಲೆ ಕಾರು. ಚೈನಾದ್ದು, ಪೆಟ್ರೋಲ್ ಕಾರು. ನಂಗೆ ಸ್ಕೂಟರ್ ಕೊಡ್ತಿದ್ದ ಚೆನ್ನೈನವರೇ ತರಿಸ್ತಿದಾರೆ. ಬೇರೆಯವರ ಅರ್ಧ ರೇಟಿಗೆ ಕೊಡ್ಬಹುದಂತೆ. ಮೈಸೂರಿಗೆ ಏಜೆನ್ಸಿ ನಂಗೇ ಕೊಡ್ತೀನಿ ಅಂದಿದಾರೆ.”

“ಅದಕ್ಕೆ ಬಂಡವಾಳ?”

“ಬನ್ನಿಮಂಟಪದ ಮನೆ ಮೇಲೆ ಸಾಲ ತೆಗೀತೀನಿ. ಅಪ್ಪ, ‘ಗುರುಮಲ್ಲಪ್ಪನವರು ಪಾಸು ಮಾಡಿದ್ರೆ ಆಯ್ತು’ ಅಂದ್ರು.”

ನಮೂನೆಗೆಂದು ಒಂದು ಕಾರು ಲಾರಿಯ ಮೇಲೆ ಬಂತು. ಸರ್ಕಾರದ ಒಪ್ಪಿಗೆ ಇನ್ನೂ ಸಿಕ್ಕದ್ದರಿಂದ ರಸ್ತೆಗೆ ಇಳಿಸುವ ಹಾಗಿರಲಿಲ್ಲ. ಹೂಟಗಳ್ಳಿಯಲ್ಲಿ ಮುಚ್ಚಿಹೋಗಿದ್ದ ಒಂದು ಕಾರ್ಖಾನೆಯ ಕಾಂಪೌಂಡಿನಲ್ಲಿ ಅದನ್ನು ಇಳಿಸಿದರು. ಬೆಟ್ಟ ಹತ್ತಿಸುವಂತಿಲ್ಲ, ಇದ್ದ ಜಾಗದಲ್ಲೇ ನೋಡಬೇಕು. ಗುರುಮಲ್ಲಪ್ಪ ಮುಂಜಾನೆಯೇ ಹೋದರು. ಜವರಪ್ಪನೂ ‘ಚೈನಾ ಕಾರು ಎಂಗಿರ್ತದೋ ನೋಡ್ಬುಡಾನ’ ಎಂದು ಹಿಂದೆ ಬಂದ.

ಕೆಂಪು ಬಣ್ಣದ ಪುಟ್ಟ ಕಾರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಎದ್ದಿತು. ಗುರುಮಲ್ಲಪ್ಪ ಕಣ್ಣು ಮುಚ್ಚಿದರು. ಹತ್ತಿರದ ಮರದಲ್ಲಿ ಒಂದು ಗೊರವಂಕ ಕೂಗುತ್ತಿತ್ತು. ಅದರ ದನಿ ಎಂಜಿನ್ನಿನ ಸದ್ದಿನ ಮೇಲೆ ಸ್ಪಷ್ಟವಾಗಿ ಕೇಳುತ್ತಿತ್ತು. ತುಂಬ ಹೊತ್ತು ಅವರು ಕಣ್ಣು ತೆರೆಯಲಿಲ್ಲ. ವಿಶ್ವನಾಥ ಉಗುರು ಕಚ್ಚುತ್ತ ನಿಂತಿದ್ದ.

ಆಮೇಲೆ ಶುರುವಾಯಿತು. ಬಾಗಿಲುಗಳನ್ನು ತೆಗೆದು ಹಾಕಿ, ತೆಗೆದು ಹಾಕಿ ಸದ್ದು ಕೇಳಿದರು. ಮ್ಯಾಟಿನಡಿ, ಡಿಕ್ಕಿಯ ತಳದಲ್ಲಿ, ಸೀಟಿನ ಕೆಳಗೆ, ಯಾರೂ ನೋಡದ ಕಡೆಗಳಲ್ಲಿ ಬಣ್ಣ ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿದರು. ಕೂತಿತ್ತು. ಅಡಿಯಲ್ಲಿ ಮಲಗಿ ಬೆಸುಗೆಗಳನ್ನು ನೋಡಿದರು. ಸಾಲು ತಪ್ಪಿರಲಿಲ್ಲ. ಬೋಲ್ಟಿಗೆ ಪಾನಾ ಹಾಕಿ ಬಲವಾಗಿ ತಿರುಗಿಸಿದರು. ಜಗ್ಗಲಿಲ್ಲ. ಕಾಂಪೌಂಡಿನಲ್ಲಿದ್ದ ಕಲ್ಲುಮಣ್ಣಿನ ದಿಬ್ಬದ ಮೇಲೆ, ಜವರಪ್ಪನನ್ನೂ ಲಾರಿಯವರನ್ನೂ ಕೂರಿಸಿಕೊಂಡು ಹತ್ತಿಸಿ ಇಳಿಸಿದರು. ಸ್ಟೇರಿಂಗು ಬಿಟ್ಟು ನೋಡಿದರು. ಗಾಡಿ ನೂಲು ಹಿಡಿದಂತೆ ನೇರ ಹೋಯಿತು. ಒಳಗೆ ಹೊಸ ಪ್ಲಾಸ್ಟಿಕ್ಕಿನ ಘಾಟು ವಾಸನೆ ಇತ್ತು. ಒಂದು ಕಿಟಕಿಯ ರಬ್ಬರು ಸ್ವಲ್ಪ ಎದ್ದಿತ್ತು. ಅವರಿಗೆ ಸಿಕ್ಕ ಕೊರತೆ ಅಷ್ಟೇ. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ವಯಸ್ಸು ಹತ್ತು ವರ್ಷ ಇಳಿದ ಹಾಗಿತ್ತು ಮುಖ.

ಕೊನೆಗೆ ಇಳಿದು, ಕೈ ಒರೆಸಿಕೊಂಡು ಹೇಳಿದರು: “ಗಾಡಿ ಪಾಸು.”

ಜವರಪ್ಪ ಬಾಯಿ ತೆರೆದುಕೊಂಡು ನಿಂತ. “ಮಲ್ಲಣ್ಣೋರೇ, ಇನ್ನೊಂದ್ಸಲ ಏಳಿ, ನನ್ ಕಿವಿಗೇನೋ ಆಗೈತೆ.”

ವಿಶ್ವನಾಥ ಅವರ ಕಾಲಿಗೆ ಬೀಳುವುದೊಂದು ಬಾಕಿ. ಗುರುಮಲ್ಲಪ್ಪ ಅವನ ಭುಜ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

“ಮಗಾ, ಒಂದು ಮಾತು ಹೇಳು. ನಾಳೆ ಒಬ್ಬ ಈ ಕಾರು ತಗೊಂಡ. ಎಮ್ಮೆ ಗುದ್ದಿ ಮುಂದಿನ ದೀಪ ಒಡೀತು. ದೀಪ ಎಲ್ಲಿ ಸಿಗ್ತದೆ?”

“ಚೆನ್ನೈನವರು ಚೈನಾದಿಂದ ತರಿಸಿ ಕೊಡ್ತಾರೆ ಅಂಕಲ್. ಮೂರು ತಿಂಗಳು ಹಿಡೀಬಹುದು.”

“ಕ್ಲಚ್ಚು ಸವೆದ್ರೆ?”

“ಅದೂ ಹಂಗೇ.”

“ನಿನ್ನ ಸ್ಕೂಟರಿನ ಬ್ಯಾಟರಿ ತರಿಸಿಕೊಟ್ರಾ ಅವರು? ಅವರೇ ತಾನೇ ಅದನ್ನೂ ಕೊಟ್ಟಿದ್ದು?”

ವಿಶ್ವನಾಥ ತಲೆ ತಗ್ಗಿಸಿದ. “ಫೋನ್ ಎತ್ತಲ್ಲ ಅಂಕಲ್. ಕಾರಿನ ವಿಷಯಕ್ಕಾದ್ರೆ ಎತ್ತುತಾರೆ.”

“ಹಂಗಾದ್ರೆ ಏಜೆನ್ಸಿ ಬೇಡ.”

“ಈಗ ತಾನೇ ಪಾಸು ಅಂದ್ರಿ!” ಹುಡುಗನ ದನಿ ಏರಿತು. “ಇಷ್ಟು ವರ್ಷಕ್ಕೆ ಒಂದು ಗಾಡಿ ಒಪ್ಪಿದ್ರಿ, ಅದನ್ನೂ ಬೇಡ ಅಂತೀರಲ್ಲ!”

“ಕಾರಲ್ಲಿ ತಪ್ಪಿಲ್ಲ ಕಣೋ. ಅದನ್ನ ಮಾಡಿದೋರ ಕೈಗೆ ಬೇಕಾದ್ರೆ ನಮಸ್ಕಾರ ಹಾಕ್ತೀನಿ. ಆದ್ರೆ ಕಾರಿನ ಹಿಂದೆ ಯಾರೂ ನಿಂತಿಲ್ಲ. ಕೆಡದೇ ಇರೋ ಗಾಡಿ ಯಾವ ದೇಶದಲ್ಲೂ ಇಲ್ಲ. ಕೆಟ್ಟಾಗ ಫೋನ್ ಎತ್ತೋನು ಇರಬೇಕು. ನಾಳೆ ಊರವರು ಹುಡುಕ್ಕೊಂಡು ಬರೋದು ನಿಮ್ಮಪ್ಪನ ಮನೆ ಬಾಗಿಲಿಗೆ, ಚೆನ್ನೈಗಲ್ಲ.”

ವಿಶ್ವನಾಥ ಎದ್ದುಹೋದ.

ಸಾಯಂಕಾಲ ಗುರುಮಲ್ಲಪ್ಪ ಮನೆಗೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತರು. ಮಹದೇವಮ್ಮ ಕೊತ್ತಂಬರಿ ಬೀಜ ಹುರಿಯುತ್ತಿದ್ದರು. ಇವರು ಆ ಕಾರಿನ ಬಗ್ಗೆ ಹೇಳತೊಡಗಿದರು: ಬಾಗಿಲು ಹೇಗೆ ಮೆತ್ತಗೆ ಮುಚ್ಚಿಕೊಂಡಿತು, ಗೇರು ಹೇಗೆ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬಿತ್ತು, ದಿಬ್ಬದ ಮೇಲೆ ಹೇಗೆ ಮಗುವಿನ ತೊಟ್ಟಿಲು ತೂಗಿದಂತೆ ತೂಗಿತು.

“ತಗೋಬಹುದಾಗಿತ್ತು ಕಣೇ” ಎಂದರು. “ಅದೊಂದನ್ನ ನಿನಗೆ ತಗೋಬಹುದಾಗಿತ್ತು.”

ಮಹದೇವಮ್ಮ ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತರು. “ಮತ್ತೆ ಹುಡುಗನಿಗೆ ಬೇಡ ಅಂದ್ರಂತೆ? ಜವರಪ್ಪ ಹೇಳ್ದ.”

“ಅವನು ಮಾರ್ಕೊಂಡು ಸುಖವಾಗಿರಲ್ಲ. ದಿನಾ ಬೈಸ್ಕೋತಾನೆ. ಈಗಾಗ್ಲೇ ಅರ್ಧ ಆಗಿದಾನೆ.”

“ಸರಿ ಬುಡಿ” ಎಂದರು ಮಹದೇವಮ್ಮ. “ನಂಗೆ ನನ್ನ ಹಸಿರು ಕುದುರೆ ಇದೆ. ಕಾರಲ್ಲಿ ಹೋದ್ರೆ ಬಡಾವಣೆ ಹೆಂಗಸರು ನನ್ನ ಜೊತೆ ಜಗಲಿ ಮೇಲೆ ಕೂತು ಮಾತಾಡ್ತಾರಾ?” ಹಾಗೆಂದು ಒಂದು ಚಿಟಿಕೆ ಬಿಸಿ ಕೊತ್ತಂಬರಿ ಬೀಜವನ್ನು ಅವರ ಅಂಗೈಗೆ ಹಾಕಿದರು, ಹುರಿದದ್ದು ಹದವಾಗಿದೆಯೇ ನೋಡಿ ಎಂದು.

ವಿಶ್ವನಾಥ ಬಹಳ ದಿನ ಶೆಡ್ಡಿನ ಕಡೆ ತಲೆಹಾಕಲಿಲ್ಲ. ದಾರಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದ. ಆದರೂ ಏಜೆನ್ಸಿಗೆ ಕೈಹಾಕಲಿಲ್ಲ. ಅವನ ತಂದೆ ಬಿಡಲಿಲ್ಲ. ಆ ಕೆಂಪು ಕಾರು ಮಳೆ ಶುರುವಾಗುವ ಮೊದಲೇ ಮತ್ತೆ ಲಾರಿ ಏರಿ ಹೋಯಿತು. ವರ್ಷಾಂತ್ಯದ ಹೊತ್ತಿಗೆ ಸರ್ಕಾರದ ಒಪ್ಪಿಗೆಯೂ ಬರಲಿಲ್ಲ, ಚೆನ್ನೈನ ಆಫೀಸೂ ಉಳಿಯಲಿಲ್ಲ. ಸುದ್ದಿ ತಿಳಿದ ದಿನ ವಿಶ್ವನಾಥ ಶೆಡ್ಡಿಗೆ ಬಂದು ಒಂದು ಹಳೇ ಟೈರಿನ ಮೇಲೆ ಕೂತ. ಗುರುಮಲ್ಲಪ್ಪ ಟೀ ತರಿಸಿದರು.

“ಕೆಟ್ಟಾಗ ಫೋನ್ ಎತ್ತೋನು ಇರಬೇಕು ಅಂದ್ರಲ್ಲ ಅಂಕಲ್” ಎಂದ ಟೀ ಮುಗಿಸಿ. “ನಾನೇ ಎತ್ತುತೀನಿ. ನಾನು ಮಾರಿದ ಸ್ಕೂಟರುಗಳು ಊರಲ್ಲಿ ಇನ್ನೂ ಬೇಕಾದಷ್ಟಿವೆ. ಬ್ಯಾಟರಿ, ಸಾಮಾನು ನಾನು ಹುಡುಕಿ ತರ್ತೀನಿ. ರಿಪೇರಿ ನೀವು ಮಾಡಿ.”

“ಬೋಲ್ಟು ಮಾತ್ರ ನಾನೇ ತರ್ತೀನಿ” ಎಂದರು ಗುರುಮಲ್ಲಪ್ಪ.

ಹೀಗೆ ಆ ಶೆಡ್ಡಿನಲ್ಲಿ ಹೊಸ ಕೆಲಸವೊಂದು ಬೇರೂರಿತು. ವಿಶ್ವನಾಥನ ಮುಖಕ್ಕೆ ಮತ್ತೆ ಕಳೆ ಬಂತು. ಹಳೇ ಕಾರು ನೋಡಲು ಕರೆಯುವವರೂ ಬರುತ್ತಲೇ ಇದ್ದರು. ಈಗ ಗುರುಮಲ್ಲಪ್ಪ ಬಾನೆಟ್ ಮುಟ್ಟುವ ಮೊದಲು ಕೊಳ್ಳುವವರನ್ನು ಕೂರಿಸಿಕೊಳ್ಳುತ್ತಿದ್ದರು.

“ಯಾರು ಓಡಿಸೋದು? ಎಲ್ಲಿಗೆ ಹೋಗೋದು? ಏನು ಹೊರಬೇಕು?” ಎಂದು ಕೇಳುತ್ತಿದ್ದರು. ಕಾಫಿ ಆರುವಷ್ಟು ಹೊತ್ತು ಉತ್ತರ ಕೇಳಿಸಿಕೊಳ್ಳುತ್ತಿದ್ದರು. “ವಯಸ್ಸಾಯ್ತು ಇವರ್ಗೆ, ಮಾತು ಜಾಸ್ತಿ ಆಯ್ತು” ಎಂದು ಜವರಪ್ಪ ಗೊಣಗುತ್ತಿದ್ದ. ಆದರೆ ಅವನ ವ್ಯಾಪಾರ ಮೊದಲಿಗಿಂತ ಚೆನ್ನಾಗಿಯೇ ನಡೆಯುತ್ತಿತ್ತು.

ಹೂಟಗಳ್ಳಿಯ ಹೆಂಗಸರಲ್ಲಿ ಕೆಲವರು ಮಹದೇವಮ್ಮನವರನ್ನು ನೋಡಿ ಅಂಥದೇ ಸ್ಕೂಟರು ಕೊಂಡಿದ್ದರು. ಅವುಗಳ ನಟ್ಟು ಬೋಲ್ಟು ನೋಡಿಕೊಡಲು ಗುರುಮಲ್ಲಪ್ಪ ಭಾನುವಾರ ಹೆಂಡತಿಯ ಜೊತೆಗೇ ಹೊರಡುತ್ತಿದ್ದರು. ಓಡಿಸುವವರು ಮಹದೇವಮ್ಮ, ಹಿಂದೆ ಕೂರುವವರು ಇವರು, ತೊಡೆಯ ಮೇಲೆ ಪಾನಾಗಳ ಚೀಲ ಮತ್ತು ಸಂಡಿಗೆಯ ಡಬ್ಬ. “ಬ್ರೇಕು, ಬ್ರೇಕು” ಎಂದು ಇವರು ಹಿಂದಿನಿಂದ ಹೇಳುವರು. ಮಹದೇವಮ್ಮ ಕೇಳಿಸದವರ ಹಾಗೆ ಹೋಗುವರು. ಇಬ್ಬರ ಭಾರಕ್ಕೆ ಏರು ಹತ್ತುವ ಶಕ್ತಿ ಆ ಗಾಡಿಗಿರಲಿಲ್ಲ. ದಾರಿಯಲ್ಲಿ ಏರು ಬಂದಾಗಲೆಲ್ಲ ಗುರುಮಲ್ಲಪ್ಪ ತಾವಾಗಿಯೇ ಇಳಿದು, ಚೀಲವನ್ನೂ ಡಬ್ಬವನ್ನೂ ಹಿಡಿದು ನಿಧಾನವಾಗಿ ನಡೆಯುವರು. ಮಹದೇವಮ್ಮ ಮೇಲೆ ಹೋಗಿ, ಗಾಡಿಯನ್ನು ಮರದ ನೆರಳಿಗೆ ನಿಲ್ಲಿಸಿ, ಅವರು ಬರುವವರೆಗೆ ಕಾಯುವರು.